ಅಪ್ಪ ಅಮ್ಮನನ್ನು ಹಿರಿಯರ ಮನೆಗೆ ಸೇರಿಸುವ ಮೊದಲು: ಕಾಸರಗೋಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಕುಂಬಳೆ, ಉಪ್ಪಳ ಕಡೆ ಈಗ ಎಷ್ಟೋ ಮನೆಗಳ ಕತೆ ಒಂದೇ. ಮಕ್ಕಳು ಬೆಂಗಳೂರಲ್ಲೋ ದುಬೈಯಲ್ಲೋ ಇದ್ದಾರೆ, ತೋಟದ ನಡುವಿನ ಮನೆಯಲ್ಲಿ ವಯಸ್ಸಾದವರು ಇಬ್ಬರೇ, ಕೆಲವು ಕಡೆ ಒಬ್ಬರೇ. ಅಂಥ ಮನೆಯವರು ಫೋನಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಉತ್ತರಗಳಲ್ಲಿ ನನ್ನ ಅಭಿಪ್ರಾಯವೂ ಧಾರಾಳ ಇದೆ.

ವೃದ್ಧಾಶ್ರಮ, ಸೀನಿಯರ್ ಲಿವಿಂಗ್, ಕೇರ್ ಹೋಂ, ಎಲ್ಲಾ ಒಂದೇ ಅಲ್ವಾ?

ಅಲ್ಲ. ಸೀನಿಯರ್ ಲಿವಿಂಗ್ ಅಂದರೆ ಹೆಚ್ಚಾಗಿ ಓಡಾಡಿಕೊಂಡಿರುವ ಹಿರಿಯರಿಗೆ ಕಟ್ಟಿದ ಫ್ಲ್ಯಾಟ್ ಅಥವಾ ಸಣ್ಣ ಮನೆ. ಊಟ, ಕ್ಲೀನಿಂಗ್, ಸೆಕ್ಯುರಿಟಿ ಅವರದು, ಉಳಿದದ್ದು ನಿಮ್ಮದು. ಕೇರ್ ಹೋಂ ಅಂದರೆ ಸ್ನಾನ ಮಾಡಿಸುವುದು, ಮಾತ್ರೆ ಕೊಡುವುದು, ಡೈಪರ್ ಬದಲಿಸುವುದು, ಇಷ್ಟಕ್ಕೂ ಜನ ಇರುವ ಜಾಗ. ದಾನದ ಮೇಲೆ ನಡೆಯುವ ವೃದ್ಧಾಶ್ರಮಗಳು ಬೇರೆ, ಸರ್ಕಾರವೇ ನಡೆಸುವ ಪರವನಡ್ಕದಂಥ ವೃದ್ಧಮಂದಿರ ಬೇರೆ.

ತೊಂದರೆ ಆಗುವುದು ಎಲ್ಲಿ ಅಂದರೆ, ಇವತ್ತು ನಡೆದಾಡುವ ಅಪ್ಪನನ್ನು ನೋಡಿಕೊಂಡು ನಾವು ಜಾಗ ಆರಿಸುತ್ತೇವೆ, ಮೂರು ವರ್ಷದ ನಂತರ ಅವರು ಹಾಸಿಗೆ ಹಿಡಿದಾಗ ಅಲ್ಲಿಯವರು "ನಮ್ಮಲ್ಲಿ ಆಗುವುದಿಲ್ಲ, ಕರೆದುಕೊಂಡು ಹೋಗಿ" ಅನ್ನುತ್ತಾರೆ. ಆದ್ದರಿಂದ ಮೊದಲ ದಿನವೇ ಕೇಳಿಬಿಡಿ: ನಡೆಯಲು ಆಗದಿದ್ದರೆ, ಮರೆವು ಬಂದರೆ, ಮೂಗಿನಲ್ಲಿ ಟ್ಯೂಬ್ ಹಾಕಿದರೆ ಇಟ್ಟುಕೊಳ್ಳುತ್ತೀರಾ? ಉತ್ತರ ಬಾಯಲ್ಲಿ ಬೇಡ, ಅಗ್ರಿಮೆಂಟಿನಲ್ಲಿ ಇರಲಿ.

ಯಾವ ಯಾವ ಕಾಗದ ಕೇಳಬೇಕು?

ಕೇರಳದ ಒಳಗೆ ಆದರೆ ವೃದ್ಧಾಶ್ರಮಕ್ಕೆ ಅನಾಥಾಲಯ ನಿಯಂತ್ರಣ ಮಂಡಳಿಯ ನೋಂದಣಿ ಇದೆಯೇ ನೋಡಿ. ಹೆಸರು ಕೇಳಿ ಗಾಬರಿ ಬೇಡ, 1960ರ ಕಾಯ್ದೆಯ ಕೆಳಗೆ ವೃದ್ಧಾಶ್ರಮಗಳನ್ನೂ ಅದೇ ಮಂಡಳಿ ನೋಡುತ್ತದೆ. ಅಡುಗೆಮನೆಗೆ ಆಹಾರ ಸುರಕ್ಷತೆಯ ಲೈಸೆನ್ಸ್, ಅಗ್ನಿಶಾಮಕ ಇಲಾಖೆಯ ಪತ್ರ, ಲಿಫ್ಟ್ ಇದ್ದರೆ ಅದರ ಲೈಸೆನ್ಸ್, ನರ್ಸ್ ಅಂತ ಹೇಳಿಕೊಳ್ಳುವವರಿಗೆ ನರ್ಸಿಂಗ್ ಕೌನ್ಸಿಲಿನ ನೋಂದಣಿ. ಪ್ರತಿಯೊಂದರಲ್ಲೂ ದಿನಾಂಕ ನೋಡಿ. ಗೋಡೆಗೆ ಫ್ರೇಮ್ ಹಾಕಿದ ಸರ್ಟಿಫಿಕೇಟ್ ಎಷ್ಟೋ ಸಲ ಮುಗಿದುಹೋದದ್ದಾಗಿರುತ್ತದೆ, ಫ್ರೇಮ್ ಮಾತ್ರ ಹೊಸದು.

ಫ್ಲ್ಯಾಟ್ ಕೊಳ್ಳುವುದಾದರೆ ರೇರಾ (ಬಿಲ್ಡರುಗಳ ಮೇಲೆ ಕಣ್ಣಿಡುವ ರಾಜ್ಯದ ರಿಯಲ್ ಎಸ್ಟೇಟ್ ಪ್ರಾಧಿಕಾರ) ನೋಂದಣಿ ನಂಬರ್ ಕೇಳಿ, ಆಯಾ ರಾಜ್ಯದ ರೇರಾ ವೆಬ್‌ಸೈಟಿನಲ್ಲಿ ನೀವೇ ಹಾಕಿ ನೋಡಿ. ಮಾರಾಟದ ಅಗ್ರಿಮೆಂಟ್ ರಿಜಿಸ್ಟರ್ ಆಗುವ ಮೊದಲು ಬೆಲೆಯ ಶೇಕಡಾ 10ಕ್ಕಿಂತ ಜಾಸ್ತಿ ಹಣ ಕೇಳುವ ಹಾಗಿಲ್ಲ. ಕೇಂದ್ರ ಸರ್ಕಾರ 2019ರಲ್ಲಿ ನಿವೃತ್ತರ ಮನೆಗಳಿಗೆ ಮಾದರಿ ಮಾರ್ಗಸೂಚಿ ತಂದಿದೆ. ಬಿಲ್ಡರ್ ಅದನ್ನು ಓದಿದ್ದಾರೋ ಇಲ್ಲವೋ ಅಂತ ಒಂದು ಪ್ರಶ್ನೆ ಎಸೆದು ನೋಡಿ, ಮುಖ ನೋಡಿದರೆ ಗೊತ್ತಾಗುತ್ತದೆ.

ನೋಡಲು ಯಾವಾಗ ಹೋಗುವುದು ಒಳ್ಳೆಯದು?

ಅವರು ಕರೆದ ಹೊತ್ತಿಗೆ ಒಂದು ಸಲ, ಕರೆಯದ ಹೊತ್ತಿಗೆ ಒಂದು ಸಲ. ಎರಡನೆಯದು ಮುಖ್ಯ. ರಾತ್ರಿ ಊಟದ ನಂತರ ಅಥವಾ ಭಾನುವಾರ ಬೆಳಿಗ್ಗೆ ಹೋಗಿ, ಆಗ ಮ್ಯಾನೇಜರ್ ಇರುವುದಿಲ್ಲ, ನಿಜವಾಗಿ ಕೆಲಸ ಮಾಡುವವರು ಇರುತ್ತಾರೆ. ಒಳಗೆ ಬಿಡುವುದೇ ಇಲ್ಲ ಅಂದರೆ ಅದೂ ಒಂದು ಉತ್ತರವೇ. ತಡರಾತ್ರಿ ಹೊರಗಿನವರನ್ನು ಬಿಡದಿರುವುದು ಸರಿ, ಸಂಜೆ ಏಳಕ್ಕೂ ಬಿಡದಿದ್ದರೆ ಸರಿಯಲ್ಲ.

ಮೊದಲ ಸಲ ಹೋದಾಗ ಎಲ್ಲರಿಗೂ ತೋರಿಸುವುದು ಲಾಬಿ, ಪೂಜಾಕೋಣೆ, ಟಿವಿ ಹಾಲ್, ತೋಟ. ಅದೆಲ್ಲ ನೋಡಿ ಆದಮೇಲೆ "ಹಾಸಿಗೆಯಲ್ಲೇ ಇರುವವರ ಕೋಣೆ ನೋಡಬಹುದಾ?" ಅಂತ ಕೇಳಿ. ಒಂದು ಮನೆ ಹೇಗಿದೆ ಅಂತ ಗೊತ್ತಾಗುವುದು ಅಲ್ಲಿರುವ ಎಲ್ಲರಿಗಿಂತ ಅಶಕ್ತರನ್ನು ಹೇಗೆ ನೋಡಿಕೊಂಡಿದ್ದಾರೆ ಅನ್ನುವುದರಿಂದ. ಉಗುರು ಕತ್ತರಿಸಿದೆಯಾ, ಕನ್ನಡಕ ಒರೆಸಿದೆಯಾ, ಹಲ್ಲಿನ ಸೆಟ್ ಬಾಯಲ್ಲಿದೆಯೋ ಡಬ್ಬಿಯಲ್ಲೋ, ನೀರಿನ ಲೋಟ ಕೈಗೆ ಸಿಗುವ ಹಾಗಿದೆಯೋ ಅಥವಾ ಕೋಣೆಯ ಆ ಮೂಲೆಯ ಮೇಜಿನ ಮೇಲಿದೆಯೋ. ಉಚ್ಚೆ ವಾಸನೆ ಬೆಳಗ್ಗೆ ಎಲ್ಲೋ ಒಂದು ಕೋಣೆಯಲ್ಲಿ ಇದ್ದರೆ ತಪ್ಪಿಲ್ಲ, ಆಗಷ್ಟೇ ಆಗಿರಬಹುದು. ಇಡೀ ಕಾರಿಡಾರಿನಲ್ಲಿ ಇದ್ದರೆ ಅದು ಹಾಸಿಗೆಗೇ ಇಳಿದಿದೆ ಅಂತ ಅರ್ಥ. ಫಿನಾಯಿಲ್ ವಾಸನೆ ಮೂಗಿಗೆ ಹೊಡೆಯುವಷ್ಟಿದ್ದರೂ ನನಗೆ ಸಂಶಯವೇ.

ಬಾತ್‌ರೂಮಿನಲ್ಲಿ ಏನು ನೋಡಬೇಕು?

ಬಾಗಿಲು ಯಾವ ಕಡೆಗೆ ತೆರೆಯುತ್ತದೆ ನೋಡಿ. ಒಳಕ್ಕೆ ತೆರೆಯುವ ಬಾಗಿಲಾದರೆ, ಒಳಗೆ ಬಿದ್ದವರ ಮೈಯೇ ಬಾಗಿಲಿಗೆ ಅಡ್ಡ ಆಗುತ್ತದೆ, ಹೊರಗಿನವರು ತಳ್ಳಿದಷ್ಟೂ ಅವರಿಗೇ ನೋವು. ಹೊರಕ್ಕೆ ತೆರೆಯಬೇಕು ಅಥವಾ ಜಾರುವ ಬಾಗಿಲಿರಬೇಕು, ಚಿಲಕ ಹೊರಗಿನಿಂದಲೂ ಬಿಡಿಸಲು ಬರಬೇಕು.

ಕಮೋಡಿನ ಪಕ್ಕದ ಹಿಡಿಕೆಯನ್ನು ನಿಮ್ಮ ಪೂರ್ತಿ ಭಾರ ಹಾಕಿ ಜಗ್ಗಿ. ಎಷ್ಟೋ ಕಡೆ ಟವೆಲ್ ಹಾಕುವ ಕಂಬಿಯನ್ನೇ ಹಿಡಿಕೆ ಅಂತ ತೋರಿಸುತ್ತಾರೆ, ಮೊಳೆ ಸಮೇತ ಕೈಗೆ ಬರುತ್ತದೆ. ನೆಲದ ಮೇಲೆ ನೀರು ಸುರಿಸಿ ಚಪ್ಪಲಿ ಬಿಚ್ಚಿ ನಿಂತು ನೋಡಿ, ಯಾರೂ ಏನೂ ಹೇಳುವುದಿಲ್ಲ. ಬೆಲ್ಲಿನ ದಾರ ನೆಲದವರೆಗೆ ಬರಬೇಕು. ಬಿದ್ದವರು ಗೋಡೆಯ ಮೇಲಿನ ಸ್ವಿಚ್ ಒತ್ತುವುದು ಹೇಗೆ? ಗೀಸರಿನ ಬಿಸಿನೀರು ಎಷ್ಟು ಸುಡುತ್ತದೆ ಅಂತಲೂ ಮುಟ್ಟಿ ನೋಡಿ. ಸಕ್ಕರೆ ಕಾಯಿಲೆ ಇರುವವರಿಗೆ ಕಾಲಿನಲ್ಲಿ ಸ್ಪರ್ಶ ಕಡಿಮೆ, ಬೊಬ್ಬೆ ಬಂದ ಮೇಲೆಯೇ ಗೊತ್ತಾಗುವುದು.

ಸ್ಟಾಫ್ ಸಾಕಷ್ಟಿದ್ದಾರಾ ಅಂತ ತಿಳಿಯುವುದು ಹೇಗೆ?

"ನಮ್ಮಲ್ಲಿ ಇಷ್ಟು ಜನ ಇದ್ದಾರೆ" ಅನ್ನುವ ಲೆಕ್ಕದಲ್ಲಿ ಡ್ರೈವರ್, ಅಡುಗೆಯವರು, ಆಫೀಸಿನವರು ಎಲ್ಲ ಸೇರಿರುತ್ತಾರೆ. ಹಾಗೆ ಕೇಳಬೇಡಿ. ರಾತ್ರಿ 2 ಗಂಟೆಗೆ ಈ ಮಹಡಿಯಲ್ಲಿ ಎಚ್ಚರವಾಗಿರುವವರು ಎಷ್ಟು ಜನ ಅಂತ ಕೇಳಿ. ಇರುವವರಲ್ಲ, ಎಚ್ಚರವಾಗಿರುವವರು.

ಆಮೇಲೆ ಇನ್ನೊಂದು: "ರಾತ್ರಿ 2 ಗಂಟೆಗೆ ಅಮ್ಮ ಬಿದ್ದರೆ ಏನೇನು ಮಾಡುತ್ತೀರಿ, ಮೊದಲಿನಿಂದ ಹೇಳಿ." ಇದನ್ನು ಮ್ಯಾನೇಜರ್ ಹತ್ತಿರ ಅಲ್ಲ, ಅಲ್ಲಿ ಕೆಲಸ ಮಾಡುವ ಹುಡುಗಿಯ ಹತ್ತಿರ ಕೇಳಿ. ಒಳ್ಳೆಯ ಕಡೆ ಉತ್ತರ ತಡವರಿಸದೆ ಬರುತ್ತದೆ. ತಕ್ಷಣ ಎಬ್ಬಿಸುವುದಿಲ್ಲ, ಎಲ್ಲಿ ನೋವು ಕೇಳುತ್ತೇವೆ, ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದ ಹಾಗಿದ್ದರೆ ಸೊಂಟದ ಮೂಳೆ ಮುರಿದಿರಬಹುದು, ಅಲುಗಾಡಿಸದೆ ಆಂಬುಲೆನ್ಸ್ ಕರೆಯುತ್ತೇವೆ, ತಲೆಗೆ ಪೆಟ್ಟಾಗಿ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರಾದರೆ ಕಾಯುವುದಿಲ್ಲ, ನಿಮಗೆ ಫೋನ್ ಮಾಡುತ್ತೇವೆ, ಪುಸ್ತಕದಲ್ಲಿ ಬರೆಯುತ್ತೇವೆ. ಕೆಟ್ಟ ಕಡೆಯ ಉತ್ತರ: "ಇಲ್ಲಿ ಯಾರೂ ಬೀಳುವುದಿಲ್ಲ." ಎಂಬತ್ತು ದಾಟಿದವರು ಇರುವಲ್ಲಿ ಯಾರೂ ಬೀಳುವುದಿಲ್ಲ ಅಂದರೆ ಒಂದೋ ಬರೆದಿಡುವುದಿಲ್ಲ, ಇಲ್ಲವೋ ಎಲ್ಲರನ್ನೂ ಕುರ್ಚಿಗೆ ಕಟ್ಟಿ ಕೂರಿಸಿದ್ದಾರೆ.

ಕೆಲಸದವರು ಎಷ್ಟು ವರ್ಷದಿಂದ ಇದ್ದಾರೆ ಅಂತಲೂ ಮಾತಿನ ನಡುವೆ ಕೇಳಿ. ಏಜೆನ್ಸಿಯಿಂದ ಬಂದು ಎರಡೇ ತಿಂಗಳಲ್ಲಿ ಬಿಟ್ಟುಹೋಗುವ ಹೋಂ ನರ್ಸ್‌ಗೆ ನಿಮ್ಮ ಅಪ್ಪ ಯಾವ ಕಿವಿಯಲ್ಲಿ ಕೇಳುತ್ತಾರೆ ಅಂತ ಗೊತ್ತಾಗುವ ಹೊತ್ತಿಗೆ ಇನ್ನೊಬ್ಬರು ಬಂದಿರುತ್ತಾರೆ.

ಮಾತ್ರೆ ಸರಿಯಾಗಿ ಕೊಡುತ್ತಾರಾ?

ಮಾತ್ರೆಯ ಚಾರ್ಟ್ ತೋರಿಸಿ ಅನ್ನಿ. ಒಂದು ಕಡೆ ಚಾರ್ಟ್ ನೋಡಿದಾಗ ಮಧ್ಯಾಹ್ನ ನಾಲ್ಕು ಗಂಟೆ, ರಾತ್ರಿ ಎಂಟರ ಮಾತ್ರೆಯ ಚೌಕದಲ್ಲಿ ಆಗಲೇ ಸಹಿ ಬಿದ್ದಿತ್ತು. ಬರೀ ಅಂದಿನದಲ್ಲ, ನಾಳೆ ಬೆಳಗಿನದಕ್ಕೂ! ಬೇರೆ ಏನೂ ನೋಡದೆ ಎದ್ದು ಬಂದೆವು.

ಇನ್ಸುಲಿನ್ ತೆಗೆದುಕೊಳ್ಳುವವರಾದರೆ ಎರಡು ಸಂಗತಿ: ಇಂಜೆಕ್ಷನ್ ಕೊಟ್ಟು ಊಟ ತಡ ಆದರೆ ಶುಗರ್ ಇಳಿದು ಪ್ರಜ್ಞೆ ತಪ್ಪಬಹುದು, ಮತ್ತೆ ಕರೆಂಟ್ ಹೋದಾಗ ಇನ್ಸುಲಿನ್ ಇಟ್ಟ ಫ್ರಿಜ್ಜಿಗೆ ಏನು ಮಾಡುತ್ತಾರೆ. ನಿದ್ದೆ ಮಾತ್ರೆಯ ವಿಷಯದಲ್ಲಿ ಹುಷಾರು. ಗಲಾಟೆ ಮಾಡುವ ಅಜ್ಜಿ ಇದ್ದಕ್ಕಿದ್ದ ಹಾಗೆ ದಿನವಿಡೀ ತೂಕಡಿಸಲು ಶುರು ಮಾಡಿದರೆ, ಹೊಸ ಮಾತ್ರೆ ಏನು, ಯಾವ ಡಾಕ್ಟರ್ ಬರೆದರು ಅಂತ ಅದೇ ದಿನ ಕೇಳಿ. ನಮಗೆ ಹೇಳದೆ ಹೊಸ ಮಾತ್ರೆ ಶುರು ಮಾಡಬಾರದು ಅಂತ ಬರವಣಿಗೆಯಲ್ಲಿ ಕೊಟ್ಟಿರಿ.

ಅಲ್ಲಿ ಕನ್ನಡ ಬರುವವರು ಇರಲೇಬೇಕಾ? ಅಮ್ಮನಿಗೆ ಮಲಯಾಳಂ ಅರ್ಥ ಆಗುತ್ತದೆ.

ಈಗ ಅರ್ಥ ಆಗುತ್ತದೆ. ನಮ್ಮ ಕಡೆ ಅಂಗಡಿಯಲ್ಲಿ ಮಲಯಾಳಂ, ಶಾಲೆಯಲ್ಲಿ ಕನ್ನಡ, ಮನೆಯಲ್ಲಿ ತುಳುವೋ ಹವ್ಯಕವೋ ಕೊಂಕಣಿಯೋ ಮರಾಠಿಯೋ, ಎಲ್ಲಾ ನಡೆಯುತ್ತದೆ. ಆದರೆ ಮರೆವಿನ ಕಾಯಿಲೆ ಬಂದವರಲ್ಲಿ ಆಮೇಲೆ ಕಲಿತ ಭಾಷೆ ಮೊದಲು ಹೋಗುವುದು ಸಾಮಾನ್ಯ, ಸಣ್ಣಂದಿನ ಭಾಷೆ ಕೊನೆವರೆಗೂ ಉಳಿಯುತ್ತದೆ. ಜ್ವರದಲ್ಲಿ, ಆಪರೇಷನ್ ಆದಮೇಲೆ ಗೊಂದಲದಲ್ಲಿ ಇರುವಾಗಲೂ ಹಾಗೆಯೇ. ಎದೆ ನೋಯುತ್ತಿದೆ ಅಂತ ಅಮ್ಮ ಹವ್ಯಕದಲ್ಲಿ ಹೇಳಿದ್ದು ಯಾರಿಗೂ ತಿಳಿಯದಿದ್ದರೆ ಅದು ಬರೀ ಬೇಜಾರಿನ ವಿಷಯ ಅಲ್ಲ, ಜೀವದ ವಿಷಯ. ಹಗಲಿಗೊಬ್ಬರು, ರಾತ್ರಿಗೊಬ್ಬರು ಅವರ ಮಾತು ತಿಳಿಯುವವರು ಬೇಕೇ ಬೇಕು. ಇದರಲ್ಲಿ ನಾನು ರಾಜಿ ಆಗುವುದಿಲ್ಲ.

ಸ್ಟಾಫ್ ಈಗ ಅಸ್ಸಾಮಿನವರೋ ಜಾರ್ಖಂಡಿನವರೋ ಇರಬಹುದು, ಅವರು ಚೆನ್ನಾಗಿಯೇ ನೋಡಿಕೊಳ್ಳಬಹುದು. ಆಗ ಒಂದು ಹಾಳೆಯಲ್ಲಿ ನೋವು, ನೀರು, ಚಳಿ, ಕಕ್ಕಸು, ತಲೆಸುತ್ತು ಇಂಥ ಮಾತುಗಳನ್ನು ಅಮ್ಮ ಹೇಗೆ ಹೇಳುತ್ತಾರೋ ಹಾಗೆಯೇ ಬರೆದು, ಪಕ್ಕದಲ್ಲಿ ಅವರ ಭಾಷೆಯಲ್ಲಿ ಅರ್ಥ ಬರೆಸಿ ಮಂಚದ ಹತ್ತಿರ ಅಂಟಿಸಿ.

ಊಟದ ಬಗ್ಗೆ?

ಮೆನು ಕಾರ್ಡ್ ಬೇಡ, ಒಂದು ಹೊತ್ತು ಅಲ್ಲೇ ಉಣ್ಣಿ, ದುಡ್ಡು ಕೊಟ್ಟಾದರೂ. ಕುಚ್ಚಲಕ್ಕಿ ಗಂಜಿ, ತಂಬುಳಿ, ಮಜ್ಜಿಗೆ ಸಿಗುವ ಕಡೆ ನಮ್ಮವರು ಎರಡು ತುತ್ತು ಜಾಸ್ತಿ ಉಣ್ಣುತ್ತಾರೆ. ಪ್ರತಿ ತಿಂಗಳು ತೂಕ ನೋಡಿ ಬರೆಯುತ್ತಾರಾ ಕೇಳಿ, ಊಟ ಹೇಗಿದೆ ಅನ್ನುವುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ತಿನ್ನಿಸಬೇಕಾದವರನ್ನು ಮಲಗಿಸಿಕೊಂಡೇ ತಿನ್ನಿಸುತ್ತಿದ್ದರೆ ಅಲ್ಲಿ ಬೇಡ. ಅನ್ನ ಶ್ವಾಸಕ್ಕೆ ಹೋಗಿ ನ್ಯುಮೋನಿಯಾ ಆಗುತ್ತದೆ. ನೆಟ್ಟಗೆ ಕೂರಿಸಬೇಕು, ಉಂಡು ಅರ್ಧ ಗಂಟೆ ಹಾಗೆಯೇ ಇರಿಸಬೇಕು.

ಹಾಸಿಗೆ ಹಿಡಿದವರಿಗೆ ಹುಣ್ಣು ಆಗುವುದು ಸಹಜ ಅಲ್ವಾ?

ಅಲ್ಲ. ಕೆಲವರಿಗೆ ಕೊನೆಗಾಲದಲ್ಲಿ ಎಷ್ಟು ನೋಡಿಕೊಂಡರೂ ಆಗಬಹುದು, ಆದರೆ ಹೆಚ್ಚಿನವು ತಡೆಯಲು ಆಗುವಂಥವೇ. ಸಾಧಾರಣ ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸುತ್ತಾರೆ, ರಾತ್ರಿಯೂ. ಏರ್ ಬೆಡ್ ಹಾಕಿದ್ದೇವೆ ಅಂದರೆ ಮಗ್ಗಲು ಬದಲಿಸುವುದು ಬೇಡ ಅಂತ ಅಲ್ಲ. ನೀವು ಹೋದಾಗ ಸೊಂಟದ ಕೆಳಗೆ, ಹಿಮ್ಮಡಿಯಲ್ಲಿ ಒತ್ತಿದರೂ ಮಾಸದ ಕೆಂಪು ಇದೆಯಾ ಅಂತ ಹೊದಿಕೆ ಸರಿಸಿ ನೋಡಿ, ನಾಚಿಕೆ ಪಡಬೇಡಿ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣುವುದಿಲ್ಲ, ಆ ಜಾಗ ಬಿಸಿಯಾಗಿ, ಗಟ್ಟಿಯಾಗಿ ಕೈಗೆ ಸಿಗುತ್ತದೆ.

ಗಡಿಯ ಈಚೆ ಒಳ್ಳೆಯದೋ, ಮಂಗಳೂರು ಕಡೆ ಒಳ್ಳೆಯದೋ?

ಎಲ್ಲರಿಗೂ ಮಂಗಳೂರು ಅಂದರೆ ಧೈರ್ಯ. ಆಸ್ಪತ್ರೆಗಳು ಅಲ್ಲಿವೆ, ದೇರಳಕಟ್ಟೆಯಲ್ಲಿವೆ, ಭಾಷೆಯ ಚಿಂತೆಯೂ ಇಲ್ಲ. ಆದರೆ 2020ರ ಮಾರ್ಚ್ ಕೊನೆಯಲ್ಲಿ, ಕೊರೋನಾ ಹೊತ್ತಿಗೆ, ತಲಪಾಡಿ ಗಡಿ ಮುಚ್ಚಿದ್ದು ನೆನಪಿದೆಯಲ್ಲ. ಮಂಗಳೂರಿಗೆ ಹೋಗಬೇಕಾದ ರೋಗಿಗಳು ದಾಟಲಾಗದೆ ಉಳಿದರು, ಕೆಲವರು ಸತ್ತರು, ವಿಷಯ ಹೈಕೋರ್ಟು, ಸುಪ್ರೀಂ ಕೋರ್ಟುವರೆಗೆ ಹೋಯಿತು. ಅಂಥದ್ದು ದಿನಾ ಆಗುವುದಿಲ್ಲ. ಆದರೂ ಅಪ್ಪ ಗಡಿಯ ಒಂದು ಕಡೆ, ಅವರನ್ನು ನೋಡಬೇಕಾದ ಮಗಳು ಇನ್ನೊಂದು ಕಡೆ ಅಂದಾಗ ಯೋಚಿಸಬೇಕಾದದ್ದೇ.

ದಿನನಿತ್ಯದ ಲೆಕ್ಕ ಬೇರೆ ಇದೆ. ಕೇರಳದಲ್ಲಿ 2008ರಿಂದ ಪಾಲಿಯೇಟಿವ್ ನೀತಿ (ವಾಸಿಯಾಗದ ಕಾಯಿಲೆಯವರ ನೋವು ಕಡಿಮೆ ಮಾಡುವ ಆರೈಕೆಗೆ) ಇದೆ, ಪಂಚಾಯತಿನ ಪಾಲಿಯೇಟಿವ್ ನರ್ಸ್ ಹಾಸಿಗೆ ಹಿಡಿದವರ ಹತ್ತಿರ ಬಂದು ಡ್ರೆಸಿಂಗ್, ಕ್ಯಾತಿಟರ್ (ಮೂತ್ರದ ಟ್ಯೂಬ್) ಬದಲಿಸುವುದು ಮಾಡುತ್ತಾರೆ. ಗಡಿ ದಾಟಿದರೆ ಅದು ಬಿಟ್ಟುಹೋಯಿತು. ಕೇರಳದ ಸಾಮಾಜಿಕ ಪಿಂಚಣಿ ಬರುವವರಿಗೆ ಮಸ್ಟರಿಂಗ್, ಅಂದರೆ ಬದುಕಿದ್ದೇವೆ ಅಂತ ದಾಖಲು ಮಾಡಿಸುವುದು ಇದೆ, ಸರ್ಕಾರಿ ಆನ್‌ಲೈನ್ ಕೆಲಸ ಮಾಡಿಕೊಡುವ ಅಕ್ಷಯ ಕೇಂದ್ರದವರು ಹಾಸಿಗೆ ಹಿಡಿದವರ ಮನೆಗೆ ಬರುತ್ತಾರೆ, ಮಂಗಳೂರಿನ ಹೋಮಿಗೆ ಬರುವುದಿಲ್ಲ. ಕೇಂದ್ರ ಸರ್ಕಾರದ ಪಿಂಚಣಿಯವರಿಗೆ ಈ ತಲೆನೋವಿಲ್ಲ, ಬದುಕಿದ್ದಾರೆ ಅನ್ನುವ ಸರ್ಟಿಫಿಕೇಟ್, ಜೀವನ್ ಪ್ರಮಾಣ್, ಫೋನಿನಲ್ಲಿ ಮುಖ ತೋರಿಸಿಯೂ ಆಗುತ್ತದೆ. ಆರೋಗ್ಯ ವಿಮೆಯ ಕಾರ್ಡ್ ಆ ಆಸ್ಪತ್ರೆಯಲ್ಲಿ ನಡೆಯುತ್ತದಾ ಅಂತ ಕೌಂಟರಿನಲ್ಲೇ ಕೇಳಿಬಿಡಿ, ಹೋಮಿನವರ ಮಾತು ನಂಬಬೇಡಿ.

ಕೇಳಲು ಮನಸ್ಸು ಬಾರದ ಪ್ರಶ್ನೆ ಒಂದು ಇದೆ, ಆದರೂ ಕೇಳಿ: ರಾತ್ರಿ ಹೊತ್ತು ತೀರಿಕೊಂಡರೆ ಡಾಕ್ಟರ್ ಸರ್ಟಿಫಿಕೇಟ್ ಯಾರು ಕೊಡುತ್ತಾರೆ? ಅದಿಲ್ಲದೆ ಊರಿಗೆ ತರುವುದು ಕಷ್ಟ. ಮರಣ ನೋಂದಣಿ ಆಗುವುದು ತೀರಿಕೊಂಡ ಜಾಗದಲ್ಲೇ, 21 ದಿನದೊಳಗೆ. ಅಪ್ಪನ ಆಸ್ತಿ ಎಣ್ಮಕಜೆಯಲ್ಲಿದ್ದರೂ ಸರ್ಟಿಫಿಕೇಟ್ ಮಂಗಳೂರಿನದ್ದು.

ಮಳೆಗಾಲದಲ್ಲಿ ನೋಡಬೇಕು ಅನ್ನುತ್ತಾರೆ, ಯಾಕೆ?

ಫೆಬ್ರವರಿಯಲ್ಲಿ ಎಲ್ಲಾ ಜಾಗವೂ ಚೆಂದ. ಆಟಿಯಲ್ಲಿ (ಜುಲೈ-ಆಗಸ್ಟ್ ಹೊತ್ತಿಗೆ) ಹೋಗಿ. ಅಂಗಳದಲ್ಲಿ ಪಾಚಿ, ಕಾರಿಡಾರಿಗೆ ಇರಚಲು, ಒಣಗದ ಬೆಡ್‌ಶೀಟ್, ಎರಡು ದಿನ ಬಾರದ ಕರೆಂಟ್, ಆಗ ಜನರೇಟರಿಗೆ ಡೀಸೆಲ್ ಇದೆಯೋ ಇಲ್ಲವೋ ಎಲ್ಲಾ ಗೊತ್ತಾಗುತ್ತದೆ. ಕೋಣೆಯಿಂದ ಊಟದ ಹಾಲಿಗೆ ಕೊಡೆ ಹಿಡಿದು ಹೋಗಬೇಕಾ? ಸುತ್ತ ತೋಟ ಇದ್ದರೆ ಬಿದ್ದ ಅಡಿಕೆ ಹಾಳೆ, ರಬ್ಬರ್ ಹಾಲಿನ ಗೆರಟೆಯಲ್ಲಿ ನೀರು ನಿಂತಿದೆಯಾ ನೋಡಿ, ಡೆಂಗಿ ಸೊಳ್ಳೆ ಅಲ್ಲೇ ಮೊಟ್ಟೆ ಇಡುವುದು. ಆಂಬುಲೆನ್ಸ್ ಗೇಟಿನವರೆಗೆ ಬರುತ್ತದೋ, ತೋಡು ಉಕ್ಕಿದರೆ ದಾರಿ ಬಂದಾಗುತ್ತದೋ, ಅದನ್ನು ಊರಿನ ಆಟೋದವರ ಹತ್ತಿರ ಕೇಳಿ.

ದುಡ್ಡಿನ ವಿಷಯದಲ್ಲಿ ಎಲ್ಲಿ ಸಿಕ್ಕಿಬೀಳುತ್ತೇವೆ?

ತಿಂಗಳ ಚಾರ್ಜಿನಲ್ಲಿ ಅಲ್ಲ, ಅದರ ಹೊರಗೆ. ಡೈಪರ್, ಫಿಸಿಯೋಥೆರಪಿ, ಆಸ್ಪತ್ರೆಗೆ ಜೊತೆಗೆ ಬರುವವರ ಬತ್ತೆ, ಆಸ್ಪತ್ರೆಯಲ್ಲಿದ್ದ ದಿನಗಳ ಬಾಡಿಗೆ, ವರ್ಷ ವರ್ಷ ಏರಿಸುವ ಶೇಕಡಾವಾರು. ಡೆಪಾಸಿಟ್ ವಾಪಸ್ ಎಷ್ಟು ದಿನದಲ್ಲಿ, ತೀರಿಕೊಂಡರೆ ಯಾರ ಕೈಗೆ, ಎರಡು ತಿಂಗಳಲ್ಲೇ ಹೊಂದದೆ ಬಿಟ್ಟರೆ ಎಷ್ಟು ಕಡಿತ. ಅಗ್ರಿಮೆಂಟ್ ಮಲಯಾಳಂ ಅಥವಾ ಇಂಗ್ಲಿಷಿನಲ್ಲಿರುತ್ತದೆ, ಅಪ್ಪನ ಎದುರೇ ಕನ್ನಡದಲ್ಲಿ ಓದಿ ಹೇಳಿ. ಸಹಿ ಅವರದು.

ತೋಟ ಮಕ್ಕಳ ಹೆಸರಿಗೆ ಮಾಡಿ ಅಪ್ಪ ಹೋಮಿಗೆ ಹೋಗಬಹುದಾ?

ಅವಸರ ಬೇಡ. ಕೊಡುವುದೇ ಆದರೆ ದಾನಪತ್ರದಲ್ಲಿ "ನನ್ನ ಊಟ, ವಸತಿ, ಔಷಧ, ಆರೈಕೆ ನೋಡಿಕೊಳ್ಳಬೇಕು" ಅಂತ ಷರತ್ತು ಬರೆಸಿ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಷರತ್ತು ಮುರಿದರೆ ಆ ಪತ್ರವನ್ನೇ ಅಸಿಂಧು ಮಾಡಿಸಬಹುದು. ಷರತ್ತು ಬರೆಯದಿದ್ದರೆ ಕೋರ್ಟಿನಲ್ಲಿ ಎಳೆದಾಟ. ಮಕ್ಕಳಿಗೆ ಬೇಜಾರಾಗುತ್ತದೆ ಅಂತ ನಮ್ಮ ಹಿರಿಯರು ಷರತ್ತು ಹಾಕಲು ಹಿಂಜರಿಯುತ್ತಾರೆ. ಒಳ್ಳೆಯ ಮಕ್ಕಳಿಗೆ ಅದರಿಂದ ಏನೂ ಆಗುವುದಿಲ್ಲ.

ಹೋಮಿಗೇ ಆಸ್ತಿ ಬರೆದುಕೊಡಿ, ಕೊನೆವರೆಗೂ ನೋಡಿಕೊಳ್ಳುತ್ತೇವೆ ಅನ್ನುವವರು ಬಂದರೆ ವಕೀಲರನ್ನು ಕೇಳದೆ ಒಂದು ಅಕ್ಷರ ಬರೆಯಬೇಡಿ.

ಅಮ್ಮ ಒಪ್ಪುತ್ತಲೇ ಇಲ್ಲ, ಏನು ಮಾಡುವುದು?

ಸುಳ್ಳು ಹೇಳಿ ಕರೆದುಕೊಂಡು ಹೋಗಬೇಡಿ. ಹದಿನೈದು ದಿನವೋ ತಿಂಗಳೋ ಇದ್ದು ನೋಡುವ ವ್ಯವಸ್ಥೆ ಎಷ್ಟೋ ಕಡೆ ಇದೆ, ಮನೆಯ ಬೀಗದ ಕೈ ಅವರ ಹತ್ತಿರವೇ ಇರಲಿ. ಅಮ್ಮನ ಬುದ್ಧಿ ನೆಟ್ಟಗಿರುವ ತನಕ ತೀರ್ಮಾನ ಅಮ್ಮನದ್ದೇ, ನಮಗೆ ಎಷ್ಟೇ ಭಯ ಇದ್ದರೂ.

ಸಿಸಿಟಿವಿ ಇದ್ದರೆ ಸಾಕಲ್ವಾ?

ಕಾರಿಡಾರಿನಲ್ಲಿ ಇರಲಿ. ಕೋಣೆಯೊಳಗೆ, ಬಟ್ಟೆ ಬದಲಿಸುವ ಜಾಗದಲ್ಲಿ ಬೇಡ. ಕ್ಯಾಮೆರಾಕ್ಕಿಂತ ಹೋಗಿ ಬರುವ ಸಂಬಂಧಿಕರಿಗೆ ಸ್ಟಾಫ್ ಜಾಸ್ತಿ ಹೆದರುತ್ತಾರೆ. ದುಬೈಯಲ್ಲಿರುವ ಮಗ ಹತ್ತಿರದ ಭಾವನಿಗೋ ಚಿಕ್ಕಮ್ಮನಿಗೋ ಹೇಳಿ, ಹೊತ್ತು ಗೊತ್ತು ಹೇಳದೆ ಹೋಗಿ ಬರುವ ವ್ಯವಸ್ಥೆ ಮಾಡಬೇಕು.

ಸೇರಿಸಿದ ಮೇಲೆ ಏನೋ ಸರಿಯಿಲ್ಲ ಅನಿಸಿದರೆ ಯಾರಿಗೆ ಹೇಳುವುದು?

ಮೊದಲು ಮ್ಯಾನೇಜರಿಗೆ, ಆದರೆ ವಾಟ್ಸಾಪಿನಲ್ಲೋ ಕಾಗದದಲ್ಲೋ, ಬಾಯಿಮಾತಲ್ಲ. ಮೈಮೇಲೆ ಗಾಯ, ನೀಲಿಗಟ್ಟಿದ್ದು ಕಂಡರೆ ದಿನಾಂಕ ಬರುವ ಹಾಗೆ ಫೋಟೋ ತೆಗೆದಿಡಿ. ಹೊಡೆದಿದ್ದಾರೆ, ಕಟ್ಟಿ ಹಾಕಿದ್ದಾರೆ ಅನಿಸಿದರೆ ಮ್ಯಾನೇಜರನ್ನು ಕಾಯಬೇಡಿ, ನೇರ ಪೊಲೀಸ್, ಮತ್ತು ಅಮ್ಮನನ್ನು ಅವತ್ತೇ ಅಲ್ಲಿಂದ ಹೊರಡಿಸಿ. ಏನು ಮಾಡಬೇಕು ತೋಚದಿದ್ದರೆ ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿ, ಅದು ದೇಶದ ಎಲ್ಲಾ ಕಡೆ ಉಚಿತ.

ಕೇರಳದ ಹೋಮಿನ ಬಗ್ಗೆ ಆದರೆ ಸಾಮಾಜಿಕ ನ್ಯಾಯ ಇಲಾಖೆಯ ಜಿಲ್ಲಾ ಕಚೇರಿಗೆ ದೂರು ಕೊಡಿ. ಮಕ್ಕಳೇ ನೋಡಿಕೊಳ್ಳದೆ ಜೀವನಾಂಶ ಬೇಕಾಗಿರುವ ಹಿರಿಯರಾದರೆ ಆರ್‌ಡಿಒ (ಕಂದಾಯ ವಿಭಾಗದ ಅಧಿಕಾರಿ) ಹತ್ತಿರದ ಟ್ರಿಬ್ಯೂನಲಿಗೆ ಹೋಗಬೇಕು, ಅಲ್ಲಿ ಅರ್ಜಿಯನ್ನು ಹಿರಿಯರೇ ಹಾಕಬಹುದು. ಮಲಯಾಳಂ ಬರೆಯಲು ಬರುವುದಿಲ್ಲ ಅಂತ ಸುಮ್ನೆ ಕೂರಬೇಡಿ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲಿ ಕನ್ನಡ ಅಲ್ಪಸಂಖ್ಯಾತರು ಕಾಸರಗೋಡಿನ ಸರ್ಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಅಂತ ಇದೆ. ಎರಡು ಪ್ರತಿ ಮಾಡಿ, ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಂಡೇ ಬನ್ನಿ.